ಮನೆಪಾಠ ಮಗುವಿನ ಹಕ್ಕು, ಹೊರದೂಡುವ ನೆಪವಲ್ಲ

“ನಿಮ್ಮ ಮಗುವನ್ನು ಮನೆಯಲ್ಲೇ ಓದಿಸಿರಿ, ಕಾಯ್ದೆಯೇ ಹಾಗಿದೆ” ಎಂದು ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗಳನ್ನು ಬಾಗಿಲಲ್ಲೇ ಸಾಗಹಾಕುವ ಮುಖ್ಯೋಪಾಧ್ಯಾಯರಿದ್ದಾರೆ. ಕಾಯ್ದೆಯಲ್ಲಿ ಹಾಗಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ಬಹುವಿಧ ಅಥವಾ ತೀವ್ರ ಅಂಗವೈಕಲ್ಯವುಳ್ಳ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು ಎಂದು 3ನೇ ಕಲಮಿಗೆ ಸೇರಿತು. ಆಯ್ಕೆ ಯಾರದು? ಮಗುವಿನದು. ಶಾಲೆಯದಲ್ಲ, ಬಿಇಒ ಕಚೇರಿಯದೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಬಿಗಿ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ.

“ಗಾಲಿಕುರ್ಚಿ ಮೇಲೆ ಹತ್ತುವುದಿಲ್ಲ” ಎಂಬ ನೆಪ ಕೇಳಿದರೆ, ಆಯುಷ್ಯವೆಲ್ಲ ಸರಕಾರಿ ಕಟ್ಟಡ ಕಟ್ಟಿಸಿದ ನನಗೆ ಸಿಟ್ಟು ಬರುತ್ತದೆ. ಇಳಿಜಾರು 1:12. ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ರ‍್ಯಾಂಪು. ಗೌಂಡಿಯ ಕೆಲವು ದಿನದ ಕಾಯಕ, ಅಷ್ಟೇ!

ಮನೆಯನ್ನೇ ಆಯ್ದುಕೊಂಡವರು ಹಕ್ಕು ಬಿಟ್ಟುಕೊಟ್ಟಂತಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸುವ ವ್ಯವಸ್ಥೆಯಿದೆ. ಬರದಿದ್ದರೆ ಬಾಯಿಮಾತು ಬೇಡ. ಬಿಇಒಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೇಲೆ ರಾಜ್ಯ ಆಯುಕ್ತರಿದ್ದಾರೆ.

ಇನ್ನು ನಮ್ಮವರ ಮಾತು. ಇಷ್ಟಲಿಂಗ ಧರಿಸಿದ ಮನೆಯಲ್ಲೂ “ಪೂರ್ವಜನ್ಮದ ಕರ್ಮ” ಎಂದು ಮಗುವನ್ನು ಒಳಕೋಣೆಯಲ್ಲಿಡುತ್ತೇವೆ. ಇದು ಯಾವ ಶರಣಧರ್ಮ? ಸರಕಾರದ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂಬ 16ನೇ ಕಲಮು ಮಠದ ಶಾಲೆಗಳನ್ನು ಬಿಟ್ಟಿಲ್ಲ. ಈ ಜೂನಿನಲ್ಲಿ ಇಂಥ ಎಷ್ಟು ಮಕ್ಕಳನ್ನು ಸೇರಿಸಿಕೊಂಡೆವು, ಎಷ್ಟು ಮಂದಿಯನ್ನು ಹಿಂದೆ ಕಳಿಸಿದೆವು ಎಂಬ ಲೆಕ್ಕವನ್ನು ನಮ್ಮ ಮಠಗಳು ಇದೇ ಪತ್ರಿಕೆಯಲ್ಲಿ ಪ್ರಕಟಿಸಲಿ.