ಬೆಟ್ಟ ನಮ್ದು, ಬಿಲ್ಲು ಮಾತ್ರ ಹೈವೇದಾ?

1/5

ಟ್ರೆಕ್ಕಿಂಗ್ ಪೇಜ್‌ಗಳಲ್ಲಿ ಹುಲಿಯೂರುದುರ್ಗದ ಬಗ್ಗೆ ಒಂದು ಮಾತು ಕಾಪಿ ಪೇಸ್ಟ್ ಆಗ್ತಾನೇ ಇರುತ್ತೆ. ಇಲ್ಲಿ ಊಟಕ್ಕೆ ಏನೂ ಸಿಗಲ್ಲ, ನೀವೇ ಕಟ್ಕೊಂಡು ಬನ್ನಿ ಅಂತ.

ಬೆಟ್ಟದ ಮೇಲೆ ಸಿಗಲ್ಲ, ಒಪ್ಪಿದೆ. ಅಲ್ಲಿರೋದು ಬಂಡೆ, ಬಿದ್ದ ಕೋಟೆ ಗೋಡೆ, ಗಾಳಿ. ಆದ್ರೆ ಬೆಟ್ಟದ ಬುಡದಲ್ಲಿ ಒಂದು ಊರಿದೆ ಕಣ್ರಪ್ಪ. ಹೋಬಳಿ ಕೇಂದ್ರ. ಬಸ್ ಸ್ಟ್ಯಾಂಡ್ ಇದೆ, ಹೋಟೆಲ್ ಇದೆ, ಬೆಳಗ್ಗೆ ಇಡ್ಲಿ ಪಾತ್ರೆ ಹೊಗೆ ಆಡುತ್ತೆ, ಮಧ್ಯಾಹ್ನ ಹಿಟ್ಟಿನ ಕೋಲು ತಿರುಗುತ್ತೆ.

ಭಾನುವಾರ ಏನಾಗುತ್ತೆ ನೋಡಿ. ಬೆಂಗಳೂರಿನ ಗಾಡಿ ಬರುತ್ತೆ. ಕೋಟೆ ಹತ್ರ ಫೋಟೋ, ತುದೀಲಿ ರೀಲ್. ಇಳಿದ ತಕ್ಷಣ ಗಾಡಿ ಹತ್ತಿ, ಕುಣಿಗಲ್ ದಾಟಿ, ಹೈವೇ ರೆಸ್ಟೋರೆಂಟ್‌ನಲ್ಲಿ ಬಿಲ್ಲು. ಊರಿಗೆ ಉಳಿಯೋದು ಖಾಲಿ ಬಾಟಲಿ, ಚಿಪ್ಸ್ ಕವರ್.

ಕೆಂಪೇಗೌಡರ ನವದುರ್ಗ ಅಂತ ಹೇಳೋ ಪಟ್ಟೀಲಿ ಹುಲಿಯೂರುದುರ್ಗ, ಹುತ್ರಿದುರ್ಗ ಎರಡೂ ಇವೆ. ಎರಡೂ ನಮ್ಮ ತಾಲೂಕಲ್ಲೇ. ಅದಕ್ಕೇ ನನ್ನ ವಾದ ಒಂದೇ: ಯಾವ ಬೆಟ್ಟ ಹತ್ತುತ್ತೀರೋ ಆ ಬೆಟ್ಟದ ಬುಡದಲ್ಲೇ ಉಣ್ಣಿ. ಬೆಂಗಳೂರಿನವರಿಗಿಂತ ಮೊದಲು ಇದನ್ನ ನಮ್ಮ ಕ್ಲಾಸ್‌ನವರಿಗೇ ಹೇಳ್ತಿದ್ದೀನಿ.

2/5

ನಿಮ್ಮ ಸೇವ್ಡ್ ಫೋಲ್ಡರ್ ತೆಗೀರಿ. ಗುಲ್ಮಾರ್ಗ್ ಇರುತ್ತೆ, ಸೋಲಾಂಗ್ ಇರುತ್ತೆ. ಹಿಮದ ಮೇಲೆ ಸ್ಕೀ ಮಾಡಿ ಬಂದು, ಹೊಗೆಯಾಡೋ ಮ್ಯಾಗಿ ಬಟ್ಟಲು ಹಿಡಿದಿರೋ ರೀಲ್. ಅದೇ ಮ್ಯಾಗಿ ನಮ್ಮ ಬೀದಿ ಅಂಗಡೀಲೂ ಸಿಗುತ್ತೆ. ಅಲ್ಲಿ ಅದಕ್ಕೆ ರುಚಿ ಬರೋದು ಮೈ ದಣಿದಿರೋದ್ರಿಂದ, ದಣಿದ ಜಾಗದಲ್ಲೇ ಕೂತು ತಿನ್ನೋದ್ರಿಂದ.

ಯುರೋಪಿನ ಆಲ್ಪ್ಸ್ ಬೆಟ್ಟಗಳ ಕಡೆ ಇದಕ್ಕೊಂದು ಹೆಸರೇ ಇದೆ. 'ಅಪ್ರೆ-ಸ್ಕೀ', ಫ್ರೆಂಚ್‌ನಲ್ಲಿ 'ಸ್ಕೀ ಆದ ಮೇಲೆ' ಅಂತ. ಸ್ಕೀ ಮಾಡಿದವರು ಸಂಜೆ ಅಲ್ಲೇ ಕೂತು ತಿಂದು ಕುಡಿದು ಹರಟೋದು. ಅಲ್ಲಿನ ಹೆಸರಾದ ತಿಂಡಿ ರಾಕ್ಲೆಟ್. ಚೀಸನ್ನ ಬೆಂಕಿಗೆ ಹಿಡಿದು, ಕರಗಿದ್ದನ್ನ ಹೆರೆದು, ಬೇಯಿಸಿದ ಆಲೂಗಡ್ಡೆ ಮೇಲೆ ಹಾಕ್ತಾರೆ. ಮೂಲದಲ್ಲಿ ಅದು ಸ್ವಿಟ್ಜರ್ಲೆಂಡಿನ ದನ ಕಾಯೋರ ಊಟ. ಇವತ್ತು ಪ್ರವಾಸಿಗರು ಅದಕ್ಕೆ ಕೈತುಂಬ ದುಡ್ಡು ಕೊಡ್ತಾರೆ.

ನಮ್ಮದು ಮಳೆ ನಂಬಿ ರಾಗಿ ಬೆಳೆಯೋರ ಊಟ. ದೇಶದಲ್ಲೇ ಹೆಚ್ಚು ರಾಗಿ ಬೆಳೆಯೋದು ಕರ್ನಾಟಕ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂದಾಗ ಎಲ್ಲರೂ ಸ್ಟೋರಿ ಹಾಕಿದ್ರಿ. ಅದೇ ಅಕೌಂಟಲ್ಲಿ ಒಂದು ಮುದ್ದೆ ತಟ್ಟೆ ಹಾಕಿ ಅಂದ್ರೆ ಯಾಕೆ ಮುಖ ಮುಖ ನೋಡ್ತೀರಾ? ಯಾರೋ ಹಳ್ಳಿ ಗಮಾರ ಅಂತಾರೆ ಅಂತಾನಾ? ಅನ್ನಲಿ ಬಿಡಿ.

ನಮ್ಮ ಕಡೆ ಬೆಟ್ಟ ಹತ್ತೋಕೆ ಒಳ್ಳೇ ಕಾಲ ಡಿಸೆಂಬರ್, ಜನವರಿ. ಸೊಗಡವರೆ ಬರೋ ಕಾಲನೂ ಅದೇ. ಬೆವರಿಳಿಸಿ ಬಂದ ಮೈಗೆ ಬಿಸಿ ಮುದ್ದೆ, ಅವರೆಕಾಳು ಸಾರು, ಕೊನೇಲಿ ಉಪ್ಪು ಹಾಕಿದ ಮಜ್ಜಿಗೆ. ಬೆವರಲ್ಲಿ ಹೋದ ನೀರೂ ಉಪ್ಪೂ ವಾಪಸ್. ಬಾಡು ತಿನ್ನೋರಿಗೆ ನಾಟಿ ಕೋಳಿ ಸಾರು. ಇದಕ್ಕಿಂತ ಒಳ್ಳೇ 'ಅಪ್ರೆ-ಬೆಟ್ಟ' ಎಲ್ಲಿದೆ ಹೇಳಿ ಗುರು.

3/5

ಬಿಕಾಂ ಓದ್ತಿದ್ದೀವಿ, ಲೆಕ್ಕದಲ್ಲೇ ಮಾತಾಡೋಣ.

ಸಣ್ಣ ಹೋಟೆಲ್‌ಗೆ ಬಾಡಿಗೆ, ಕೆಲಸದವರ ಸಂಬಳ ಫಿಕ್ಸೆಡ್ ಕಾಸ್ಟ್. 30 ಊಟ ಹೋದ್ರೂ ಅಷ್ಟೇ, 50 ಹೋದ್ರೂ ಅಷ್ಟೇ. ಬ್ರೇಕ್ ಈವನ್ ದಾಟಿದ ಮೇಲಿನ ಪ್ರತಿ ಊಟದಲ್ಲೂ ಸಾಮಾನು, ಗ್ಯಾಸ್ ಖರ್ಚು ಕಳೆದ್ರೆ ಮಿಕ್ಕಿದ್ದು ಲಾಭ. ಭಾನುವಾರಕ್ಕೆ 20 ಊಟ ಹೆಚ್ಚಿಗೆ, ಊಟಕ್ಕೆ 80 ರೂಪಾಯಿ ಅಂತ ಹಿಡ್ಕೊಳ್ಳಿ. 1,600. ಚಳಿಗಾಲದ 16 ಭಾನುವಾರಕ್ಕೆ 25,600. ಅರ್ಧ ಸಾಮಾನಿಗೇ ಹೋಯ್ತು ಅಂದ್ರೂ 12,800 ಉಳೀತು. ಆ ದುಡ್ಡು ಒಂದು ಮನೆಗೆ ಏನು ಅಂತ ಫೀಸ್ ಕಟ್ಟೋ ದಿನ ಲೈನಲ್ಲಿ ನಿಂತಿರೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಲೆಕ್ಕ. 2024-25ರಲ್ಲಿ ಕ್ವಿಂಟಾಲ್ ರಾಗಿಗೆ ಬೆಂಬಲ ಬೆಲೆ 4,290 ರೂಪಾಯಿ. ಕೆಜಿಗೆ 42 ರೂಪಾಯಿ 90 ಪೈಸೆ. ಹೈವೇಲಿ ನೀವು ಕುಡಿಯೋ ಒಂದು ಕೋಲ್ಡ್ ಕಾಫಿ ದುಡ್ಡಿಗೆ ಎಷ್ಟು ಕೆಜಿ ರಾಗಿ ಬರುತ್ತೆ ಅಂತ ನೀವೇ ಭಾಗಿಸಿ ನೋಡಿ.

ಜನ ನಿಂತ್ರೆ ಊರು ಬೆಳೆಯುತ್ತೆ ಅನ್ನೋದಕ್ಕೆ ಸಾಕ್ಷಿ ನಮ್ಮ ರಸ್ತೆಯ ಆ ತುದೀಲೇ ಇದೆ, ಮದ್ದೂರು. ಅಲ್ಲಿ ರೈಲು ನಿಲ್ತಿತ್ತು. 1917ರಲ್ಲಿ ರಾಮಚಂದ್ರ ಬುದ್ಯ ಅನ್ನೋರು ಸ್ಟೇಷನ್ನಲ್ಲಿ ವಡೆ ಮಾರಿದ್ರು, ಊರಿನ ಹೆಸರೇ ತಿಂಡಿಗೆ ಅಂಟಿಕೊಳ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಗಾಡಿಗಳು ಬೈಪಾಸ್ ಹಿಡಿದ್ವು. ರಾಮನಗರ, ಚನ್ನಪಟ್ಟಣ, ಮದ್ದೂರಿನ ಹಳೇ ರಸ್ತೆ ಹೋಟೆಲ್‌ನವರು ವ್ಯಾಪಾರ ಬಿದ್ದೋಯ್ತು ಅಂತ ಗೋಳಾಡಿದ್ರು. ಅವರ ಕೈರುಚಿ ಕೆಟ್ಟಿರಲಿಲ್ಲ. ಜನ ನಿಲ್ಲೋದು ನಿಂತುಹೋಗಿತ್ತು.

ಕುಮಾರ ಪರ್ವತ ಹತ್ತಿ ಬಂದೋರನ್ನ ಕೇಳಿ. ಗಿರಿಗದ್ದೆ ಭಟ್ಟರ ಮನೆ ಊಟದ ಸುದ್ದಿ ಬರದೇ ಕಥೆ ಮುಗಿಯಲ್ಲ. ಅಲ್ಲಿ ಬಡಿಸೋದು ಅನ್ನ, ಸಾಂಬಾರು, ಮಜ್ಜಿಗೆ. ನಮ್ಮ ಬೆಟ್ಟಕ್ಕೂ ಅಂಥ ಒಂದು ಹೆಸರು ಬೇಡ್ವಾ?

4/5

ಈಗ ನಿಮ್ಮ ತಕರಾರು ಒಂದೊಂದೇ.

'ನಾವು ಹೋದಾಗ ಊಟ ಮುಗಿದಿತ್ತು.' ಮುಗಿದೇ ಇರುತ್ತೆ. ನೀವು ಇಳಿಯೋದು ನಾಲ್ಕು ಗಂಟೆಗೆ. ಮುದ್ದೆ ಆರಿದ್ರೆ ಗಟ್ಟಿಯಾಗುತ್ತೆ, ಗಿರಾಕಿ ಬರ್ತಾರೋ ಇಲ್ವೋ ಅಂತ ಗೊತ್ತಿಲ್ದೆ ಯಾರು ಕಟ್ಟಿಡ್ತಾರೆ? ಬೆಳಗ್ಗೆ ಹತ್ತೋ ಮುಂಚೆ ಹೋಗಿ, 'ಅಣ್ಣ, ಆರು ಜನ ಇದ್ದೀವಿ, ಎರಡು ಗಂಟೆಗೆ ಬರ್ತೀವಿ' ಅಂತ ಒಂದು ಮಾತು ಹೇಳಿ ನೋಡಿ.

'ಕ್ಲೀನ್ ಇರಲ್ಲ.' ಕಣ್ಣೆದುರಿಗೇ ಕುದಿಯೋ ಸಾರು, ಆಗಷ್ಟೇ ಕಟ್ಟಿದ ಮುದ್ದೆ. ದೊಡ್ಡ ರೆಸ್ಟೋರೆಂಟ್‌ನ ಅಡುಗೆಮನೆ ಒಳಗೆ ಯಾವತ್ತಾದ್ರೂ ಇಣುಕಿದ್ದೀರಾ? ಲೈಟಿಂಗ್ ಚೆನ್ನಾಗಿದ್ರೆ ಕ್ಲೀನ್ ಅಂತ ಯಾರು ಹೇಳಿದ್ದು?

'ಪ್ಯಾಕೇಜಲ್ಲೇ ಊಟ ಸೇರಿದೆ.' ಹಾಗಾದ್ರೆ ಪ್ಯಾಕೇಜಿನವರನ್ನೇ ಕೇಳಿ, ಆ ಊಟ ಎಲ್ಲಿಂದ ಬರುತ್ತೆ ಅಂತ. ಬೆಟ್ಟ ಇಲ್ಲೀದು, ಪೊಟ್ಟಣ ಬೆಂಗಳೂರಿಂದು. ಆ ಪೊಟ್ಟಣದ ಪ್ಲಾಸ್ಟಿಕ್ ತಟ್ಟೆ, ಚಮಚ, ಲೋಟ 2022ರ ಜುಲೈ 1ರಿಂದ ದೇಶದಲ್ಲೇ ಬ್ಯಾನ್. ಆದ್ರೂ ಬಂಡೆ ಸಂದೀಲಿ ಬಿದ್ದಿರುತ್ತೆ. ಊರಲ್ಲಿ ಸ್ಟೀಲ್ ತಟ್ಟೇಲಿ ಉಂಡಿದ್ರೆ ಆ ಕಸ ಹುಟ್ತಾನೇ ಇರಲಿಲ್ಲ.

'ಹುಡುಗೀರು ಎಲ್ಲಿ ಕೂರೋದು? ಟಾಯ್ಲೆಟ್ ಎಲ್ಲಿದೆ?' ಈ ಒಂದು ದೂರು ಸತ್ಯ, ಇದರಲ್ಲಿ ನಾನು ನಿಮ್ಮ ಕಡೆ. ನಾವು ನಾಲ್ಕು ಹುಡುಗೀರು ಬಾಡೂಟದ ಹೋಟೆಲ್‌ಗೆ ಕಾಲಿಟ್ರೆ ಕೂತಿರೋರೆಲ್ಲ ತಲೆ ಎತ್ತಿ ನೋಡ್ತಾರೆ. ಹೋಟೆಲ್ ಅಣ್ಣಂದಿರೇ, ಒಂದು ಫ್ಯಾಮಿಲಿ ಟೇಬಲ್, ಚಿಲಕ ಸರಿಯಾಗಿ ಬೀಳೋ ಒಂದು ಟಾಯ್ಲೆಟ್, ರೇಟ್ ಬರೆದಿರೋ ಒಂದು ಬೋರ್ಡ್. ಇಷ್ಟು ಮಾಡಿ. ಪಂಚಾಯ್ತಿಯವರೇ, ಬೆಟ್ಟದ ದಾರಿ ಹತ್ರ ಒಂದು ಶೌಚಾಲಯ, ನೀರಿನ ನಲ್ಲಿ ಕೊಡಿ. ಅಷ್ಟಿಲ್ದೆ 'ಟೂರಿಸಂ ಬೆಳೀಬೇಕು' ಅಂತ ಭಾಷಣ ಮಾಡಬೇಡಿ.

5/5

ಮುಂದಿನ ಭಾನುವಾರದಿಂದ ಮೂರೇ ಕೆಲಸ.

ಒಂದು, ಹತ್ತೋ ಮುಂಚೆ ಊಟಕ್ಕೆ ಹೇಳಿ. ಹೇಳಿದ ಮೇಲೆ ಬನ್ನಿ. ಹೇಳಿ ಕೈಕೊಡೋದು ಹೇಳದೇ ಇರೋದಕ್ಕಿಂತ ಕೆಟ್ಟದ್ದು. ನಿಮಗಾಗಿ ಕಟ್ಟಿದ ಮುದ್ದೇನ ಬೇರೆ ಯಾರೂ ಕೊಳ್ಳಲ್ಲ.

ಎರಡು, ಬೆಟ್ಟದ ಫೋಟೋ ಜೊತೆ ಊಟದ ಫೋಟೋನೂ ಹಾಕಿ. ಹೋಟೆಲ್ ಹೆಸರು ಬರೀರಿ, ಮ್ಯಾಪಲ್ಲಿ ಇಲ್ಲಾಂದ್ರೆ ಸೇರಿಸಿ. ನಮ್ಮ ಅಣ್ಣಂದಿರಿಗೆ ಮುದ್ದೆ ಕಟ್ಟೋಕೆ ಬರುತ್ತೆ, ಮ್ಯಾಪಿಗೆ ಹಾಕೋಕೆ ಬರಲ್ಲ. ನಮಗೆ ಅದೊಂದಾದ್ರೂ ಬರುತ್ತಲ್ಲ.

ಮೂರು, ಇಲ್ಲಿ ಊಟ ಸಿಗಲ್ಲ ಅನ್ನೋ ಪೋಸ್ಟ್ ಕಂಡ್ರೆ ಕೆಳಗೆ 'ಸಿಗುತ್ತೆ, ಬೆಳಗ್ಗೆನೇ ಹೇಳಿ ಹೋಗಿ' ಅಂತ ಕಾಮೆಂಟ್ ಹಾಕಿ. ಬೈಬೇಡಿ, ದಾರಿ ತೋರಿಸಿ.

ಬರ್ತ್‌ಡೇ ಟ್ರೀಟ್‌ಗೆ ಅಂತ ಪೆಟ್ರೋಲ್ ಸುಟ್ಟು ಹೈವೇಗೆ ಓಡೋ ನಮ್ಮ ಕ್ಲಾಸ್‌ನವರೇ, ಒಂದು ಸಲ ಕೇಕ್ ಬದಲು ಬೆಟ್ಟ ಹತ್ತಿಸಿ, ಇಳಿಸಿ, ಮುದ್ದೆ ಹಾಕಿಸಿ. ಖರ್ಚು ಎಷ್ಟಾಯ್ತು ಅಂತ ಆಮೇಲೆ ಜರ್ನಲ್ ಎಂಟ್ರಿ ಬರೆಯೋಣ.

ಮಧುಗಿರಿ, ದೇವರಾಯನದುರ್ಗ, ಶಿವಗಂಗೆ ಕಡೆಯವರು ನಿಮ್ಮ ಬೆಟ್ಟದ ಬುಡದ ಹೋಟೆಲ್ ಹೆಸರು ಕಾಮೆಂಟಲ್ಲಿ ಹಾಕಿ, ಎಷ್ಟು ಗಂಟೆವರೆಗೆ ಊಟ ಇರುತ್ತೆ ಅಂತಾನೂ ಬರೀರಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಪಿನ್ ಮಾಡ್ತೀನಿ.

#ಹುಲಿಯೂರುದುರ್ಗ #ಕುಣಿಗಲ್ #ಅಪ್ರೆಬೆಟ್ಟ #ಬುಡದಲ್ಲೇಊಟ #ಹೇಳಿಹತ್ತಿ