ಚಾಲಕನ ಮಾತಿಗೆ ಮಾಲೀಕನ ಸಹಿ

ಶಿರಾಡಿ ಘಾಟಿ ಇಳಿದ ನನ್ನ ಹಳೆಯ ಪಿಕಪ್ ಟ್ರಕ್ಕಿನ ಮುಂದಿನ ಎಡಚಕ್ರ ಕೈಯಿಡಲಾಗದಷ್ಟು ಕಾದಿತ್ತು. ವಾಹನ ಎಡಕ್ಕೆ ಎಳೆಯುತ್ತಿದೆಯೆಂದು ಚಾಲಕ ವಾರದಿಂದ ಹೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದವನು ನಾನು. ಚಕ್ರ ಬಿಚ್ಚಿ ನೋಡಿದರೆ ಒಳಗಿನ ಪ್ಯಾಡ್ ಲೋಹದವರೆಗೆ ಸವೆದಿತ್ತು. ಹೊರಗಿನದು ಅರ್ಧ ಉಳಿದಿತ್ತು. ಮೆಕ್ಯಾನಿಕ್ ಬ್ಲೀಡರ್ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿದರೂ ಪಿಸ್ಟನ್ ಹಿಂದೆ ಸರಿಯಲಿಲ್ಲ. ದೋಷ ಹೋಸಿನದಲ್ಲ, ತುಕ್ಕು ಹಿಡಿದ ಕ್ಯಾಲಿಪರಿನದು. ಎರಡೂ ಬದಿಯ ಕ್ಯಾಲಿಪರ್, ಪ್ಯಾಡ್‌ಗಳನ್ನು ಬದಲಿಸಿ, ಹೊಸ ಬ್ರೇಕ್ ಆಯಿಲ್ ತುಂಬಿಸಿ ಗಾಳಿ ತೆಗೆಸಿದೆ.

8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಕಡ್ಡಾಯ. ನನ್ನ ಟ್ರಕ್ಕಿಗೂ ಅದಿತ್ತು! ದುರಂತ ಸಂಭವಿಸಿದ್ದರೆ ಪ್ರಕರಣ ಬಹುಶಃ ಚಾಲಕನ ಮೇಲೆಯೇ ದಾಖಲಾಗುತ್ತಿತ್ತು. ಚಾಲಕರು ಬರೆದಿಡುವ ದೋಷಗಳಿಗೆ ಮಾಲೀಕರು ಸಹಿ ಹಾಕಲೇಬೇಕಾದ ಪುಸ್ತಕವೊಂದನ್ನು ಸಾರಿಗೆ ಇಲಾಖೆ ಪ್ರತಿ ಟ್ರಕ್ಕಿಗೂ ಕಡ್ಡಾಯಗೊಳಿಸಲಿ.