ಆಟಿಯ ತಟ್ಟೆಯಲ್ಲಿ ಅರಿವು ದಾಟುವುದಿಲ್ಲ

ಮಳೆಗಾಲ ಬಂತೆಂದರೆ ಮುಂಬಯಿಯ ತುಳು-ಕನ್ನಡ ಸಂಘಗಳಲ್ಲಿ 'ಆಟಿಡೊಂಜಿ ದಿನ'. ಪತ್ರೊಡೆ, ತಜಂಕ್ ವಡೆ ಬಡಿಸಿ, ಭಾಷಣ ಮಾಡಿ, ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳು ತಿಂದು ಕೈ ತೊಳೆಯುತ್ತಾರೆ. ಪರಂಪರೆ ಮುಂದಿನ ತಲೆಮಾರಿಗೆ ದಾಟಿತೆಂದು ಹಿರಿಯರಿಗೆ ಸಮಾಧಾನ.

ತಿನ್ನಿಸಿದ ಮಾತ್ರಕ್ಕೆ ತಿಳಿವಳಿಕೆ ದಾಟುವುದಿಲ್ಲ. ತಜಂಕ್, ಅಂದರೆ ತಗಟೆಯ ಎಲೆತುದಿ ದುಂಡು; ಅದರ ಹತ್ತಿರದ ನಂಟಿನ ಕ್ಯಾಸಿಯಾ ಆಕ್ಸಿಡೆಂಟಾಲಿಸ್ ಎಲೆತುದಿ ಚೂಪು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳ ಜೀವ ತೆಗೆದದ್ದು ಈ ಎರಡನೆಯದರ ಬೀಜ. ಕೆಸುವಿಗೆ ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಇದು ಕಣ್ಣು, ಕೈ ಕಲಿಯಬೇಕಾದ ಪಾಠ; ವೇದಿಕೆ ಕಲಿಸಲಾರದು.

'ಮುಂಬಯಿಯಲ್ಲಿ ಕಾಡೆಲ್ಲಿ?' ಎನ್ನುವವರು ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಭಾಜಿ ಗಲ್ಲಿಗೆ ಹೋಗಲಿ. ಊರಿನ ಕೆಸು ಇಲ್ಲಿ 'ಅಳು', ಮಡಹಾಗಲ 'ಕಂಟೋಲಿ', ತಗಟೆ 'ಟಾಕಳಾ'. ಹೆಸರು ಮರಾಠಿಯದು, ಗಿಡ ಅದೇ. ಶೇವಳಾ ಮಾರುವ ಆದಿವಾಸಿ ಹೆಂಗಸರು ತುರಿಕೆ ಕಳೆಯುವ ಕಾಕಡ ಕಾಯಿಯನ್ನೂ ಜೊತೆಗಿಟ್ಟಿರುತ್ತಾರೆ. ಕೇಳಿದರೆ ಅಡುಗೆಯ ಕ್ರಮವನ್ನೂ ಹೇಳುತ್ತಾರೆ. ಕೇಳುವವರು ಬೇಕಷ್ಟೆ.

ಈ ಆಟಿಯಲ್ಲಿ ಸಂಘಗಳು ಒಂದು ಭಾಷಣ ಕಡಿಮೆ ಮಾಡಲಿ. ಆ ಹೊತ್ತಿನಲ್ಲಿ ಮಕ್ಕಳು ಅಜ್ಜಿಯರೊಂದಿಗೆ ಸಂತೆಗೆ ಹೋಗಿ ಸೊಪ್ಪು ಗುರುತಿಸಲಿ, ಬಿಡಿಸಲಿ, ಬೇಯಿಸಲಿ. ಗುರುತಿಸಲು ಬಾರದ ಸೊಪ್ಪು ಅವರ ಪಾಲಿಗೆ ಬರೀ ಕಳೆ.